ಬಟ್ಟಲಲ್ಲಿ ನೀರು ಅಳೆದ ಊರು

"ನಿಮ್ಮ ಊರಿನಲ್ಲಿ ಬಾವಿ ಎಷ್ಟು ಆಳ?"

ಇರಾನ್ ದೇಶದ ಗೊನಾಬಾದ್ ಎಂಬ ಸಣ್ಣ ಪಟ್ಟಣದಲ್ಲಿ, ಚಹಾದ ಲೋಟವನ್ನು ನನ್ನ ಮುಂದಿಡುತ್ತಾ ನಿವೃತ್ತ ಭೌತಶಾಸ್ತ್ರ ಮೇಷ್ಟ್ರೊಬ್ಬರು ಕೇಳಿದ ಮೊದಲ ಪ್ರಶ್ನೆ ಇದು. ಹೆಸರು, ಸಂಬಳ, ಮಕ್ಕಳೆಷ್ಟು ಎಂಬುದನ್ನೆಲ್ಲ ಅವರು ಆಮೇಲೆ ಕೇಳಿದರು. ಬಾವಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಅವರು ಮೊದಲು ನಂಬಲಿಲ್ಲ. ಆ ಸಂಗತಿಗೆ ಬರುವ ಮುನ್ನ, ಗೌರಿಬಿದನೂರು ಕಡೆಯ ಒಬ್ಬ ಹೈಸ್ಕೂಲು ಮೇಷ್ಟ್ರು ಅಲ್ಲಿಗೆ ಹೋದದ್ದು ಹೇಗೆಂದು ಹೇಳಬೇಕು.

ನಮ್ಮ ತಾಲ್ಲೂಕಿನ ಅಲೀಪುರದ ಹೆಸರನ್ನು ನೀವು ಕೇಳಿರಬಹುದು. ಹರಳು ಕಲ್ಲುಗಳ ವ್ಯಾಪಾರಕ್ಕೆ ಹೆಸರಾದ, ಶಿಯಾ ಮುಸಲ್ಮಾನರೇ ಹೆಚ್ಚಾಗಿರುವ ಊರು. ಅಲ್ಲಿಂದ ಓದಲು ಇರಾನಿಗೆ ಹೋಗುವವರು ಮೊದಲಿನಿಂದಲೂ ಇದ್ದಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗೆ ಮಶ್ಹದ್ ನಗರಕ್ಕೆ ವೈದ್ಯಕೀಯ ಓದಲು ಹೋಗಿದ್ದ. ಒಂಬತ್ತನೇ ತರಗತಿಯಲ್ಲಿ ಪ್ರತಿ ಪಾಠಕ್ಕೂ ಮೂರು ಪ್ರಶ್ನೆ ಕೇಳುತ್ತಿದ್ದ ಹುಡುಗ. "ಸಾರ್, ಒಂದು ಸಲ ಬನ್ನಿ. ನೀವು ಗುರುತ್ವಾಕರ್ಷಣೆ ಪಾಠ ಮಾಡ್ತಿದ್ರಲ್ಲ, ಅದರ ಮೇಲೇ ಬದುಕಿರೋ ಒಂದು ಊರು ತೋರಿಸ್ತೀನಿ" ಎಂದು ಫೋನಿನಲ್ಲಿ ಎರಡು ವರ್ಷ ಕರೆದ. 2018ರ ನವೆಂಬರಿನಲ್ಲಿ ಧೈರ್ಯ ಮಾಡಿ ಹೊರಟೆ. ನನ್ನ ಬದುಕಿನ ಮೊದಲ ವಿಮಾನ ಪ್ರಯಾಣವೂ ಅದೇ.

ಮಶ್ಹದ್ ಇರಾನಿನ ಈಶಾನ್ಯದ ದೊಡ್ಡ ನಗರ, ಯಾತ್ರಾಸ್ಥಳ. ಅಲ್ಲಿಂದ ದಕ್ಷಿಣಕ್ಕೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರದಲ್ಲಿ ಗೊನಾಬಾದ್ ಇದೆ. ಬಸ್ಸು ತೊರ್ಬತ್-ಎ-ಹೈದರಿಯೆ ದಾಟಿದ ಮೇಲೆ ಹಸಿರು ಎಂಬುದು ಅಪರೂಪವಾಯಿತು. ಎರಡೂ ಕಡೆ ಬೂದು ಬಣ್ಣದ ನೆಲ, ದೂರದಲ್ಲಿ ಬೋಳು ಬೆಟ್ಟ. ಒಂದು ಜಾಗದಲ್ಲಿ, ಬಯಲಿನ ಮೇಲೆ ಇರುವೆ ಗೂಡಿನಂಥ ಮಣ್ಣಿನ ಗುಡ್ಡೆಗಳು ಒಂದರ ಹಿಂದೊಂದು ಸಾಲು ಹಿಡಿದು ಬೆಟ್ಟದ ಕಡೆಗೆ ಹೋಗಿದ್ದವು. ಪ್ರತಿ ಗುಡ್ಡೆಯ ನಡುವೆ ಒಂದು ಕುಳಿ. ಚಂದ್ರನ ಮೇಲ್ಮೈಯ ಚಿತ್ರದಂತೆ ಕಂಡಿತು. "ಅದೇ ಸಾರ್, ನಾಳೆ ಅದರೊಳಗೆ ಇಳೀತೀವಿ" ಎಂದ ನಮ್ಮ ಹುಡುಗ.

ನಮ್ಮಷ್ಟೇ ದೊಡ್ಡ ಊರು

ಗೊನಾಬಾದ್ ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಉರಿಬಿಸಿಲು, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. 2006ರ ಜನಗಣತಿಯಲ್ಲಿ ಅಲ್ಲಿ ಸುಮಾರು 34,500 ಜನರಿದ್ದರು. 2016ರ ಗಣತಿಯಲ್ಲಿ ಆ ಸಂಖ್ಯೆ 40,000 ದಾಟಿತ್ತು. ನಮ್ಮ ಗೌರಿಬಿದನೂರು ಪಟ್ಟಣದಲ್ಲಿ 2011ರ ಗಣತಿಯಂತೆ ಸುಮಾರು 38,000 ಜನ. ಅಂದರೆ ಎರಡೂ ಊರುಗಳು ಹೆಚ್ಚು ಕಡಿಮೆ ಒಂದೇ ಗಾತ್ರದವು.

ಆದರೆ ಮಳೆಯ ಲೆಕ್ಕ ನೋಡಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಬರಪೀಡಿತ ಎಂದು ನಮ್ಮನ್ನು ನಾವೇ ಕರೆದುಕೊಳ್ಳುತ್ತೇವೆ. ಗೊನಾಬಾದಿನಲ್ಲಿ ಬೀಳುವುದು ಸುಮಾರು 140 ಮಿಲಿಮೀಟರ್, ನಮ್ಮ ಐದನೇ ಒಂದು ಪಾಲು. ಅದೂ ಹೆಚ್ಚಾಗಿ ಚಳಿಗಾಲ ಮತ್ತು ವಸಂತದಲ್ಲಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಆಕಾಶ ಒಂದು ಹನಿಯನ್ನೂ ಕೊಡುವುದಿಲ್ಲ. ಇಂಥ ಜಾಗದಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಜನ ನೆಲೆಸಿದ್ದಾರೆ. ಊರಿನ ಜುಮ್ಮಾ ಮಸೀದಿ 1212ರಲ್ಲಿ ಕಟ್ಟಿದ್ದು. ಆ ಇಟ್ಟಿಗೆ ಕೆಲಸದ ಮುಂದೆ ನಿಂತಾಗ, ಎಂಟುನೂರು ವರ್ಷ ಈ ಜನ ಏನು ಕುಡಿದು ಬದುಕಿದರು ಎಂಬ ಪ್ರಶ್ನೆಯೇ ನನ್ನ ತಲೆಯಲ್ಲಿತ್ತು.

ಜನ ಪಾರಸಿ ಭಾಷೆ ಆಡುತ್ತಾರೆ. ಇರಾನಿನಲ್ಲಿ ಎಲ್ಲರ ಮನೆಮಾತೂ ಪಾರಸಿಯಲ್ಲ. ವಾಯವ್ಯದಲ್ಲಿ ಅಜರಿ, ಪಶ್ಚಿಮದಲ್ಲಿ ಕುರ್ದಿ, ಹೀಗೆ ಹಲವು ಭಾಷೆಗಳಿವೆ. ಇಲ್ಲಿಯದು ಪಾರಸಿಯೇ, ಆದರೆ ತನ್ನದೇ ಎಳೆತ ಇರುವ ಹಳ್ಳಿಗಾಡಿನ ಪಾರಸಿ. ಟೆಹರಾನಿನವರು ಅದನ್ನು ಕೇಳಿ ನಗುತ್ತಾರಂತೆ. ನನಗೆ ಒಂದು ಅಕ್ಷರವೂ ಬಾರದು ಎಂದುಕೊಂಡು ಹೋಗಿದ್ದೆ. ಆದರೆ ಮಾತಿನ ನಡುವೆ ಪರಿಚಿತರು ಸಿಗುತ್ತಲೇ ಹೋದರು: ಬಜಾರು, ಶಹರ, ಜಮೀನು, ಕಾಗದ, ಕಾರ್ಖಾನೆ, ನಮೂನೆ, ತಾಜಾ. ಇವೆಲ್ಲ ಶತಮಾನಗಳ ಹಿಂದೆ ಬಹಮನಿ, ಆದಿಲಶಾಹಿ, ಮೊಗಲ್ ದಫ್ತರಗಳ ದಾರಿಯಲ್ಲಿ ಕನ್ನಡಕ್ಕೆ ಬಂದು ನಮ್ಮವೇ ಆಗಿಹೋದ ಮಾತುಗಳು. ಒಂದು ಪದ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ನಾವು 'ಅಂದಾಜು' ಎನ್ನುವುದು ಊಹೆಯ ಲೆಕ್ಕಕ್ಕೆ. ಅವರ 'ಅಂದಾಜೆ' ಎಂದರೆ ಅಳತೆ. ಈ ಪದ ಮುಂದೆ ಮತ್ತೊಮ್ಮೆ ಬರುತ್ತದೆ.

ಜನರ ಸೌಜನ್ಯದ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಬಜಾರಿನಲ್ಲಿ ಕಾಲು ಕಿಲೋ ಪಿಸ್ತಾ ತೂಗಿಸಿ ಬೆಲೆ ಕೇಳಿದೆ. ಅಂಗಡಿಯಾತ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಏನೋ ಹೇಳಿದ. 'ಇದು ನಿಮಗೆ ಕೊಡುವಷ್ಟು ದೊಡ್ಡದಲ್ಲ, ದುಡ್ಡು ಬೇಡ' ಎಂಬುದು ಅದರ ಅರ್ಥ. ಪರದೇಶದ ಮೇಷ್ಟ್ರೆಂದು ಉಚಿತವಾಗಿ ಕೊಟ್ಟನೆಂದು ತಿಳಿದು, ಕೈಮುಗಿದು ಪೊಟ್ಟಣ ಹಿಡಿದು ಹೊರಟೇಬಿಟ್ಟೆ! ನಮ್ಮ ಹುಡುಗ ನಗುತ್ತಾ ಓಡಿಹೋಗಿ ದುಡ್ಡು ಕೊಟ್ಟು ಬಂದ. 'ತಾರೋಫ್' ಎಂಬ ಉಪಚಾರವಂತೆ ಅದು. ಅವರು ಬೇಡವೆನ್ನಬೇಕು, ನಾವು ತೆಗೆದುಕೊಳ್ಳಿ ಎನ್ನಬೇಕು, ಎರಡು ಮೂರು ಸುತ್ತಿನ ನಂತರ ವ್ಯಾಪಾರ. ದುಡ್ಡಿನಲ್ಲೂ ಗೊಂದಲವೇ: ನೋಟಿನ ಮೇಲೆ ಅಚ್ಚಾಗಿರುವುದು ರಿಯಾಲ್, ಜನ ಆಡುವುದು ತೋಮಾನ್. ಹತ್ತು ರಿಯಾಲಿಗೆ ಒಂದು ತೋಮಾನ್. ದಶಮಾಂಶ ಪದ್ಧತಿಯನ್ನು ಇಪ್ಪತ್ತು ವರ್ಷ ಕಲಿಸಿದ ನಾನು ಒಂದು ಸೊನ್ನೆಯಲ್ಲಿ ಎರಡು ಸಲ ಎಡವಿದೆ.

ನೆಲದೊಳಗಿನ ನದಿ

ಮಾರನೆಯ ದಿನ ಬೆಳಿಗ್ಗೆ ನಮ್ಮನ್ನು ಕರೆದೊಯ್ದವರು ಆ ನಿವೃತ್ತ ಮೇಷ್ಟ್ರು. ನಮ್ಮ ಹುಡುಗನ ಸಹಪಾಠಿಯ ತಂದೆ. ಅವರ ಪಾರಸಿಯನ್ನು ಹುಡುಗ ಕನ್ನಡಕ್ಕೆ ತಿರುಗಿಸುತ್ತಿದ್ದ. ಆದರೆ ಅರ್ಧ ಹೊತ್ತು ನಾವಿಬ್ಬರೂ ಮಣ್ಣಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದೇ ಮಾತಾಡಿದೆವು. ವಿಜ್ಞಾನದ ಮೇಷ್ಟ್ರುಗಳಿಗೆ ಅದೊಂದು ಅನುಕೂಲ.

ಊರಿನ ಕಸಬೆ ಎಂಬ ಭಾಗದಲ್ಲಿ ಮೆಟ್ಟಿಲಿಳಿದು ಹೋದರೆ ತಲೆ ತಗ್ಗಿಸಿ ನಡೆಯುವಷ್ಟು ಎತ್ತರದ ಸುರಂಗ. ಹೊರಗೆ ಚಳಿಗಾಳಿ, ಒಳಗೆ ಬೆಚ್ಚಗೆ. ಕಾಲ ಕೆಳಗೆ ಸ್ಫಟಿಕದಂಥ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಪಂಪಿಲ್ಲ, ವಿದ್ಯುತ್ತಿಲ್ಲ, ಡೀಸೆಲ್ಲಿಲ್ಲ. ಇದೇ ಕಸಬೆಯ ಕನಾತ್. ಹಳೆಯ ಪಾರಸಿ ಹೆಸರು ಕಾರೀಜ್. ಇದರ ಉದ್ದ 33 ಕಿಲೋಮೀಟರ್. ಸುಮಾರು 2,500 ವರ್ಷ ಹಿಂದಿನದೆಂದು ಹೇಳುತ್ತಾರೆ. 2016ರಲ್ಲಿ ಯುನೆಸ್ಕೋ ಸಂಸ್ಥೆ ಇರಾನಿನ 11 ಕನಾತುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿ ಒಂದಾಯಿತು.

ವಿದ್ಯಾರ್ಥಿಗಳೇ, ಇದು ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ. ಬೆಟ್ಟದ ಮೇಲೆ ಬಿದ್ದ ಅಲ್ಪ ಮಳೆಯೂ ಹಿಮವೂ ಬೆಟ್ಟದ ಬುಡದ ಜಲ್ಲಿ ಮಣ್ಣಿನಲ್ಲಿ ಇಂಗಿ, ನೆಲದಾಳದಲ್ಲಿ ನಿಂತಿರುತ್ತದೆ. ಅಲ್ಲಿ ಮೊದಲು ಒಂದು ಬಾವಿ ತೋಡಿ ನೀರಿನ ಮಟ್ಟ ಎಲ್ಲಿದೆಯೆಂದು ನೋಡುತ್ತಾರೆ. ಇದು 'ತಾಯಿಬಾವಿ'. ಊರು ಇರುವುದು ಕೆಳಗೆ, ಬಯಲಿನಲ್ಲಿ. ತಾಯಿಬಾವಿಯ ನೀರಿನ ಮಟ್ಟಕ್ಕಿಂತಲೂ ಊರಿನ ನೆಲ ತಗ್ಗಿನಲ್ಲಿದ್ದರೆ, ಎರಡರ ನಡುವೆ ಒಂದು ಸುರಂಗ ತೋಡಿದರೆ ಸಾಕು. ನೀರು ತಾನಾಗಿಯೇ ಇಳಿದು ಊರಿಗೆ ಬರುತ್ತದೆ.

ಹೇಳಲು ಸುಲಭ. ಆದರೆ ಸುರಂಗದ ಇಳಿಜಾರು ಅತಿ ಸಣ್ಣದಾಗಿರಬೇಕು: ಒಂದು ಕಿಲೋಮೀಟರಿಗೆ ಹೆಚ್ಚೆಂದರೆ ಒಂದು ಮೀಟರ್. ಇಳಿಜಾರು ಹೆಚ್ಚಾದರೆ ನೀರು ರಭಸವಾಗಿ ಹರಿದು ಗೋಡೆಯನ್ನು ಕೊರೆದು ಸುರಂಗವನ್ನೇ ಕೆಡವುತ್ತದೆ. ಕಡಿಮೆಯಾದರೆ ಹೂಳು ನಿಲ್ಲುತ್ತದೆ. ತೋಡುವ ಕೆಲಸಗಾರರನ್ನು 'ಮುಕನ್ನಿ' ಎನ್ನುತ್ತಾರೆ. ಅವರು ಸುರಂಗವನ್ನು ಊರಿನ ಕಡೆಯಿಂದ ಶುರುಮಾಡಿ ತಾಯಿಬಾವಿಯ ಕಡೆಗೆ ತೋಡುತ್ತಾ ಹೋಗುತ್ತಾರೆ. ಮೇಲಿನಿಂದ ಶುರುಮಾಡಿದರೆ ನೀರು ಹಿಂದಿನಿಂದ ಬಂದು ಮುಳುಗಿಸುತ್ತದೆ. ದಾರಿಯುದ್ದಕ್ಕೂ ಅಲ್ಲಲ್ಲಿ ನೆಟ್ಟಗೆ ಬಾವಿ ಕೊರೆದು ಮಣ್ಣನ್ನು ಮೇಲೆ ಎಳೆಯುತ್ತಾರೆ, ಗಾಳಿಯೂ ಅಲ್ಲಿಂದಲೇ. ಬಸ್ಸಿನಿಂದ ನಾನು ಕಂಡ ಇರುವೆ ಗೂಡುಗಳು ಹೀಗೆ ಎತ್ತಿಹಾಕಿದ ಮಣ್ಣು. ಸುರಂಗ ನೇರವಾಗಿ ಹೋಗಲು ಹಿಂದೆ ಎರಡು ದೀಪಗಳನ್ನು ಇಟ್ಟುಕೊಂಡು, ಎರಡೂ ಒಂದೇ ಸಾಲಿನಲ್ಲಿ ಕಾಣುವಂತೆ ನೋಡಿಕೊಂಡು ತೋಡುತ್ತಾರೆ. ದೀಪ ಮಂಕಾದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ ಎಂದರ್ಥ. ಕೂಡಲೇ ಮೇಲೆ ಬರಬೇಕು.

ಈಗ ಒಂದು ಲೆಕ್ಕ. ಬೆಟ್ಟದ ಕಡೆಗೆ ಹೋದಂತೆ ನೆಲ ಕಿಲೋಮೀಟರಿಗೆ ಸರಾಸರಿ 10 ಮೀಟರ್ ಏರುತ್ತದೆ, ಸುರಂಗ ಮಾತ್ರ 1 ಮೀಟರ್ ಏರುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಿಲೋಮೀಟರಿಗೆ ವ್ಯತ್ಯಾಸ 9 ಮೀಟರ್. 33 ಕಿಲೋಮೀಟರಿಗೆ? 297 ಮೀಟರ್. ಅಂದರೆ ತುದಿಯ ಬಾವಿ ಸುಮಾರು 300 ಮೀಟರ್ ಆಳ ಇರಬೇಕಾಗುತ್ತದೆ. ಕಸಬೆ ಕನಾತಿನ ತಾಯಿಬಾವಿ ನಿಜಕ್ಕೂ 300 ಮೀಟರಿಗಿಂತ ಹೆಚ್ಚು ಆಳದ್ದು! ಗುದ್ದಲಿ, ಬುಟ್ಟಿ, ಹಗ್ಗ ಮತ್ತು ರಾಟೆಗಳಿಂದ ತೋಡಿದ್ದು. 11ನೇ ಶತಮಾನದ ಪ್ರವಾಸಿ ಕವಿ ನಾಸಿರ್ ಖುಸ್ರೋ ತನ್ನ ಪ್ರವಾಸದಿಂದ ಹಿಂದಿರುಗುವಾಗ ಈ ಕಡೆ ಬಂದಿದ್ದ. ಈ ಬಾವಿ 700 ಗಜ ಆಳ, ಪುರಾಣದ ಅರಸ ಕೈಖುಸ್ರೋ ಮಾಡಿಸಿದ್ದು ಎಂದು ಜನ ಅವನಿಗೆ ಹೇಳಿದರಂತೆ. ಆಳದ ವಿಷಯದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು; ಆದರೆ ಸಾವಿರ ವರ್ಷ ಹಿಂದೆಯೇ ಇದು ಎಷ್ಟು ಹಳೆಯದೆಂದರೆ, ತೋಡಿದವರು ಯಾರೆಂಬುದೇ ಕಥೆಯಾಗಿಹೋಗಿತ್ತು.

ಮುಕನ್ನಿಗಳು ಬಿಳಿ ಬಟ್ಟೆ ತೊಟ್ಟು ಇಳಿಯುವುದು ವಾಡಿಕೆ. ಕತ್ತಲಲ್ಲಿ ಕಾಣಲಿ ಎಂದು ಒಂದು ಕಾರಣ. ಇನ್ನೊಂದನ್ನು ಮೇಷ್ಟ್ರು ದನಿ ತಗ್ಗಿಸಿ ಹೇಳಿದರು: ಒಳಗೆ ಮಣ್ಣು ಕುಸಿದರೆ ಅದೇ ಅವರ ಕಫನ್. 1968ರ ಆಗಸ್ಟ್ 31ರಂದು ಈ ಸೀಮೆಯಲ್ಲಿ ದೊಡ್ಡ ಭೂಕಂಪವಾಯಿತು. ಹತ್ತಿರದ ಕಾಖ್ಕ್ ಪಟ್ಟಣ ನೆಲಸಮವಾಯಿತು. ಸೀಮೆಯಲ್ಲಿ ಸಾವಿರಾರು ಜನ ಸತ್ತರು, ಹಲವು ಕನಾತುಗಳು ಮುರಿದವು. ಇಂಥ ನೆಲದಲ್ಲಿ ನೀರಿನ ದಾರಿಯನ್ನು ಉಳಿಸಿಕೊಳ್ಳಬೇಕಾದರೆ ತಲೆಮಾರಿಗೊಮ್ಮೆ ಯಾರಾದರೂ ಮತ್ತೆ ಬಿಳಿ ಬಟ್ಟೆ ತೊಟ್ಟು ಇಳಿಯಲೇಬೇಕು.

ಮುಳುಗುವ ಬಟ್ಟಲು

ನೀರು ಊರಿಗೆ ಬಂದಿತು. ಹಂಚುವುದು ಹೇಗೆ? ಕನಾತು ಹಗಲೂ ರಾತ್ರಿಯೂ ಹರಿಯುತ್ತದೆ, ನಲ್ಲಿಯಂತೆ ತಿರುಗಿಸಿ ನಿಲ್ಲಿಸಲಾಗದು. ಆದ್ದರಿಂದ ಇಲ್ಲಿ ಹಂಚುವುದು ಹೊತ್ತನ್ನು. ಇಂತಿಂಥ ದಿನ, ಇಷ್ಟು ಹೊತ್ತು ಪೂರ್ತಿ ನೀರು ನಿನ್ನ ಹೊಲಕ್ಕೆ ಎಂಬುದೇ ಪಾಲು. ಆ ಪಾಲು ಜಮೀನಿನಂತೆಯೇ ಆಸ್ತಿ. ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು.

ಗಡಿಯಾರವಿಲ್ಲದ ಕಾಲದಲ್ಲಿ ಹೊತ್ತನ್ನು ಅಳೆದದ್ದು 'ಫೆಂಜಾನ್' ಎಂಬ ಬಟ್ಟಲಿನಿಂದ. ಮೇಷ್ಟ್ರ ಮನೆಯಲ್ಲಿ ಅವರ ಅಜ್ಜನ ಕಾಲದ್ದೊಂದು ಇತ್ತು. ತಾಮ್ರದ ತೆಳು ಬಟ್ಟಲು, ತಳದಲ್ಲಿ ದಬ್ಬಳದ ಮೊನೆಯಷ್ಟು ತೂತು. ಬಕೆಟ್ಟಿನ ನೀರಿನ ಮೇಲೆ ತೇಲಬಿಟ್ಟರು. ತೂತಿನಿಂದ ನೀರು ನಿಧಾನವಾಗಿ ಒಳಗೆ ಏರಿತು. ಬಟ್ಟಲು ತಗ್ಗುತ್ತಾ ತಗ್ಗುತ್ತಾ ಕೊನೆಗೆ ಗುಳಕ್ಕನೆ ಮುಳುಗಿತು. ನನ್ನ ಕೈಗಡಿಯಾರದಲ್ಲಿ ಏಳು ನಿಮಿಷದ ಮೇಲೆ ಸ್ವಲ್ಪ. ಮೂರು ಸಲ ಮಾಡಿ ನೋಡಿದೆ. ವ್ಯತ್ಯಾಸ ಕೆಲವೇ ಸೆಕೆಂಡು. ಆರ್ಕಿಮಿಡೀಸನ ತತ್ವವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ.

ನೀರು ಹಂಚುವ ಅಧಿಕಾರಿಗೆ 'ಮೀರಾಬ್' ಎಂದು ಹೆಸರು. ಆತ ಹಗಲಿರುಳು ಬಟ್ಟಲಿನ ಮುಂದೆ ಕೂತು, ಒಂದು ಸಲ ಮುಳುಗಿದರೆ ಒಂದು ಕಲ್ಲು ಎತ್ತಿಡುತ್ತಿದ್ದ. ರೈತರೂ ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು. ಸಾಹುಕಾರನಿಗೂ ಬಡವನಿಗೂ ಒಂದೇ ಬಟ್ಟಲು. ಅವನ ಪಾಲು ಹೆಚ್ಚಿದ್ದರೆ ಬಟ್ಟಲು ಹೆಚ್ಚು ಸಲ ಮುಳುಗೀತು, ಅಷ್ಟೇ. ಗುಟ್ಟಾಗಿ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಗೊನಾಬಾದ್ ಸೀಮೆಯ ಹಳ್ಳಿಗಳಲ್ಲಿ 20ನೇ ಶತಮಾನದಲ್ಲೂ ಈ ಬಟ್ಟಲುಗಳು ಕೆಲಸ ಮಾಡುತ್ತಿದ್ದವು. ಆಮೇಲೆ ಕೈಗಡಿಯಾರ ಬಂತು.

ಆ ಬಟ್ಟಲು ನನಗೆ ಹೊಸದಾಗಿರಲಿಲ್ಲ. ನಮ್ಮಲ್ಲೂ ಇತ್ತು: ಗಳಿಗೆ ಬಟ್ಟಲು. ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. ಮದುವೆಯ ಮುಹೂರ್ತ ತಪ್ಪದಿರಲೆಂದು ಪುರೋಹಿತರು ಇದನ್ನು ನೀರಿನಲ್ಲಿ ಬಿಡುತ್ತಿದ್ದುದನ್ನು ನಮ್ಮ ಅಜ್ಜಿ ನೋಡಿದ್ದರು. ಒಂದೇ ಉಪಕರಣ, ಅಲ್ಲಿ ಅದು ನೀರು ಹಂಚುತ್ತಿತ್ತು, ಇಲ್ಲಿ ಮುಹೂರ್ತ ತೋರಿಸುತ್ತಿತ್ತು.

ಹೂವಿನ ಬೆಳಗು

ನಾವು ಹೋದದ್ದು ಕೇಸರಿಯ ಸುಗ್ಗಿಯಲ್ಲಿ. ನಸುಕಿನಲ್ಲೇ ಹೊಲಕ್ಕೆ ಹೋದೆವು. ಬೋಳು ನೆಲದಿಂದ ನೇರಳೆ ಬಣ್ಣದ ಹೂಗಳು ಸಾಲಾಗಿ ಎದ್ದಿದ್ದವು. ಬಿಸಿಲೇರುವ ಮುಂಚೆ ಬಿಡಿಸಬೇಕು. ಗಂಡಸರು, ಹೆಂಗಸರು, ರಜೆಯ ಮೇಲೆ ಬಂದ ಕಾಲೇಜು ಹುಡುಗಿಯರು ಎಲ್ಲರೂ ಬಗ್ಗಿ ಬಿಡಿಸುತ್ತಿದ್ದರು. ಆಮೇಲೆ ಮನೆಯಲ್ಲಿ ಹೂರಾಶಿಯ ಸುತ್ತ ಕೂತು ಪ್ರತಿ ಹೂವಿನಿಂದ ಮೂರು ಕೆಂಪು ಎಳೆಗಳನ್ನು ಬಿಡಿಸುವುದು. ಸುಮಾರು 150 ಹೂವಿಗೆ ಒಂದು ಗ್ರಾಂ ಒಣ ಕೇಸರಿ! ಪಾಯಸಕ್ಕೆ ನಾವು ಹಾಕುವ ನಾಲ್ಕು ಎಳೆಯ ಹಿಂದೆ ಎಷ್ಟು ಬೆನ್ನುನೋವಿದೆ ಎಂದು ಅಂದು ತಿಳಿಯಿತು. ನಾನೂ ಒಂದು ಗಂಟೆ ಕೂತು ಬಿಡಿಸಿದೆ. ಮನೆಯ ಅಜ್ಜಿ ನನ್ನ ಕೆಲಸವನ್ನು ನೋಡಿ ನಕ್ಕು, ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

ಜಗತ್ತಿನ ಕೇಸರಿಯಲ್ಲಿ ಬಹುಪಾಲು ಬರುವುದು ಇರಾನಿನಿಂದ, ಅದರಲ್ಲೂ ಈ ಖುರಾಸಾನ್ ಸೀಮೆಯಿಂದ. ಇದಕ್ಕೆ ಬೀಜವಿಲ್ಲ, ಗೆಡ್ಡೆಯಿಂದಲೇ ಬೆಳೆಸಬೇಕು. ಬೇಸಿಗೆಯಲ್ಲಿ ಗೆಡ್ಡೆ ಮಣ್ಣಿನೊಳಗೆ ನಿದ್ದೆ ಮಾಡುತ್ತದೆ, ನೀರು ಕೇಳುವುದೇ ಇಲ್ಲ. ಶರತ್ಕಾಲದಲ್ಲಿ ಏಳುತ್ತದೆ. ಬೇಸಿಗೆಯಲ್ಲಿ ತರಕಾರಿಗೂ ತೋಟಕ್ಕೂ ನೀರು ಬೇಕು. ಅದು ಮುಗಿದ ಮೇಲೆ, ನಿಲ್ಲದೆ ಹರಿಯುವ ಕನಾತಿನ ನೀರು ಕೇಸರಿಗೆ ಹೋಗುತ್ತದೆ. ನೀರಿಗೆ ತಕ್ಕ ಬೆಳೆಯನ್ನು ಹುಡುಕಿದ್ದಾರೆಯೇ ಹೊರತು ಬೆಳೆಗೆ ತಕ್ಕ ನೀರನ್ನು ಹುಡುಕಿಕೊಂಡು ಹೋಗಿಲ್ಲ.

ನನ್ನ ಉತ್ತರ

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ನಮ್ಮ ಊರಿನಲ್ಲಿ ಬಾವಿ ಎಷ್ಟು ಆಳ?

ನಾನು ಚಿಕ್ಕವನಿದ್ದಾಗ ನಮ್ಮ ತೋಟದ ಬಾವಿಯಲ್ಲಿ 40 ಅಡಿಗೆ ನೀರಿತ್ತು, ಈಜು ಕಲಿತದ್ದು ಅಲ್ಲೇ. 1989ರಲ್ಲಿ ಅಣ್ಣ ಮೊದಲ ಕೊಳವೆಬಾವಿ ಕೊರೆಸಿದರು; 180 ಅಡಿಗೆ ನೀರು ಚಿಮ್ಮಿತು. ದ್ರಾಕ್ಷಿ ಚಪ್ಪರ ಹಾಕಿದರು. ಪಕ್ಕದವರೂ ಕೊರೆಸಿದರು. ತೆರೆದ ಬಾವಿ ಬತ್ತಿತು. ಅಣ್ಣ ಮತ್ತೆ ಕೊರೆಸಿದರು, ಮತ್ತೆ ಬತ್ತಿತು. ಐದನೆಯದು 2016ರಲ್ಲಿ. ರಾತ್ರಿಯೆಲ್ಲ ಲಾರಿ ಸದ್ದು, ಬರೀ ಬಿಳಿ ದೂಳು. "ಇನ್ನೊಂದು ನೂರಡಿ ಹೋದ್ರೆ ಸಿಕ್ಕೇ ಸಿಗುತ್ತೆ ಕಣೋ" ಎನ್ನುತ್ತಲೇ ಇದ್ದರು. ಸಾಕು ಎಂದು ಹೇಳಬೇಕಾದ ವಿಜ್ಞಾನದ ಮೇಷ್ಟ್ರು ನಾನು. ಹೇಳಲಿಲ್ಲ, ನನ್ನ ಪಿ.ಎಫ್. ಸಾಲದ ದುಡ್ಡನ್ನೂ ಕೊಟ್ಟೆ. 1,350 ಅಡಿಗೆ ನಿಲ್ಲಿಸಿದರು. ಒಂದು ಕೊಡ ನೀರು ಬರಲಿಲ್ಲ. ಸಾಲಕ್ಕೆ ಎರಡು ಎಕರೆ ಹೋಯಿತು.

1,350 ಅಡಿ ಎಂದರೆ ಸುಮಾರು 410 ಮೀಟರ್. ನಾನು ಮಣ್ಣಿನ ಮೇಲೆ ಆ ಅಂಕಿ ಬರೆದಾಗ ಮೇಷ್ಟ್ರು, ಸೊನ್ನೆ ಹೆಚ್ಚಾಯಿತೇನೋ ಎಂದು ಹುಡುಗನನ್ನು ಕೇಳಿದರು. ಜಗತ್ತೇ ಬೆರಗಾಗುವ ಅವರ ತಾಯಿಬಾವಿಗಿಂತ ನಮ್ಮ ಅಣ್ಣನ ಕೊಳವೆಬಾವಿ ಆಳ! ಅವರದು ಎರಡೂವರೆ ಸಾವಿರ ವರ್ಷದಿಂದ ಊರಿಗೆ ನೀರು ಕೊಡುತ್ತಿದೆ, ನಮ್ಮದು ಒಂದು ದಿನವೂ ಕೊಡಲಿಲ್ಲ.

"ನೀರು ಎಷ್ಟಿದೆ ಎಂದು ಅಳೆದಿರಲಿಲ್ಲವೇ?" ಎಂದು ಕೇಳಿದರು. ಅವರು ಬಳಸಿದ ಪದ 'ಅಂದಾಜೆ'. ಅಂದಾಜು ಮಾಡಿದ್ದೆವು ಎಂದೆ. ಇಬ್ಬರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕನಾತಿನ ಒಂದು ಗುಣ ನೋಡಿ. ಅದು ನೀರನ್ನು ಎಳೆಯುವುದಿಲ್ಲ. ತಾನಾಗಿ ಹರಿದು ಬಂದಷ್ಟನ್ನೇ ಕೊಡುತ್ತದೆ. ಮಳೆ ಕಡಿಮೆಯಾದರೆ ಹರಿವು ಕಡಿಮೆ, ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಕಡಿಮೆ. ಪಂಪು ಹಾಗಲ್ಲ. ಮಳೆ ಇರಲಿ ಬಿಡಲಿ, ಯಾರ ಕೊಳವೆ ಆಳವೋ ಅವರಿಗೆ ನೀರು, ಪಕ್ಕದವನಿಗೆ ಗಾಳಿ.

ನಾನು ಅವರ ಊರನ್ನು ಹೊಗಳತೊಡಗಿದಾಗ ಮೇಷ್ಟ್ರು ತಡೆದರು. "ಬರೆಯುವುದಿದ್ದರೆ ಪೂರ್ತಿ ಬರೆಯಿರಿ" ಎಂದರು. 1960ರ ದಶಕದ ಭೂಸುಧಾರಣೆಯ ನಂತರ ಇರಾನಿನಲ್ಲೂ ಆಳದ ಪಂಪು ಬಾವಿಗಳು ಹೆಚ್ಚುತ್ತಾ ಹೋದವು. ಅಂತರ್ಜಲ ಇಳಿಯಿತು, ಸಾವಿರಾರು ಕನಾತುಗಳು ಬತ್ತಿದವು, ಹಲವು ಬಯಲುಗಳಲ್ಲಿ ನೆಲವೇ ಕುಸಿಯುತ್ತಿದೆ. ಗೊನಾಬಾದ್ ಸೀಮೆಯೂ ಇದರಿಂದ ಹೊರತಲ್ಲ. ಅವರ ಸ್ವಂತ ತಮ್ಮನ ಪಿಸ್ತಾ ತೋಟಕ್ಕೆ ಪಂಪಿದೆ. ಊರು ಬೆಳೆಯುತ್ತಿದೆ, ಕಾಲೇಜುಗಳು ಬಂದಿವೆ, ಪ್ರತಿ ಮನೆಯಲ್ಲೂ ನಲ್ಲಿ ಬೇಕು. ಓದಿದ ಮಕ್ಕಳು ಮಶ್ಹದಿಗೋ ಟೆಹರಾನಿಗೋ ಹೋಗುತ್ತಾರೆ. ಮುಕನ್ನಿಯಾಗಿ ಬಿಳಿ ಬಟ್ಟೆ ತೊಡುವ ಹುಡುಗರು ಸಿಗುವುದಿಲ್ಲ. "ನನ್ನ ಮಗನೂ ಡಾಕ್ಟರಾಗುತ್ತಾನೆ. ಬೇಡವೆನ್ನಲೇ?" ಎಂದರು. ಅವರ ಅಜ್ಜ ಮೀರಾಬ್ ಆಗಿದ್ದವರು.

ನಮ್ಮಲ್ಲೂ ಇತ್ತು

ಹಿಂತಿರುಗುವ ವಿಮಾನದಲ್ಲಿ ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ ಒಂದು ಪದ: ನೀರುಗಂಟಿ. ನಮ್ಮ ಕೆರೆಗಳ ತೂಬೆತ್ತಿ, ಗದ್ದೆಯಿಂದ ಗದ್ದೆಗೆ ಪಾಲಿನಂತೆ ನೀರು ಬಿಡುತ್ತಿದ್ದ ಆ ಮನುಷ್ಯ ನಮ್ಮ ಮೀರಾಬ್ ಅಲ್ಲವೇ? ಮಧುಗಿರಿ, ಪಾವಗಡ ಕಡೆಯ ತಲಪರಿಗೆಗಳು, ಅಂದರೆ ಊಟೆಯ ನೀರನ್ನು ಕಾಲುವೆ ತೆಗೆದು ತಾನಾಗಿ ಹರಿಯಬಿಡುತ್ತಿದ್ದ ಗುಂಡಿಗಳು, ಕನಾತಿನ ಬಡ ನೆಂಟರಲ್ಲವೇ? ಅಲ್ಲೂ ಸರದಿಯಿತ್ತು, ಊರೆಲ್ಲ ಸೇರಿ ಹೂಳು ತೆಗೆಯುವ ಕಟ್ಟುಪಾಡಿತ್ತು. ಪಂಪು ಬಂದ ಮೇಲೆ ನೀರುಗಂಟಿಗೆ ಕೆಲಸವಿಲ್ಲವಾಯಿತು. ತಲಪರಿಗೆಗಳಲ್ಲಿ ಹೆಚ್ಚಿನವು ಮುಚ್ಚಿಹೋದವು.

ಅಸಲಿ ಕನಾತೇ ನಮ್ಮ ರಾಜ್ಯದಲ್ಲಿದೆ. ಬೀದರ್ ಪಕ್ಕದ ನೌಬಾದಿನಲ್ಲಿ, 15ನೇ ಶತಮಾನದ ಬಹಮನಿ ಸುಲ್ತಾನರ ಕಾಲದ್ದು. ಇರಾನ್ ಕಡೆಯಿಂದ ಬೀದರಿಗೆ ಬಂದವರೊಡನೆ ಬಂದ ವಿದ್ಯೆ. ಹೂಳು ತುಂಬಿದ್ದ ಅದನ್ನು ಇತ್ತೀಚಿನ ವರ್ಷಗಳಲ್ಲಿ ತೆಗೆಸಿದ್ದಾರೆ. ಆದರೆ ಎಲ್ಲ ಕಡೆ ಕನಾತು ತೋಡೋಣ ಎಂದು ಯಾರಾದರೂ ಹೊರಟರೆ ನಾನು ಒಪ್ಪುವುದಿಲ್ಲ. ಬೀದರಿನದು ಜಂಬಿಟ್ಟಿಗೆ ಕಲ್ಲು, ಗೊನಾಬಾದಿನದು ಬೆಟ್ಟದ ಬುಡದ ಜಲ್ಲಿ ಮಣ್ಣು. ಎರಡೂ ಅಗೆಯಬಹುದಾದ ನೆಲ. ನಮ್ಮ ಗೌರಿಬಿದನೂರಿನದು ಗಟ್ಟಿ ಕಗ್ಗಲ್ಲು. ಇಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕುಗಳು ಕಡಿಮೆಯಾಗುತ್ತವೆ. ನಮಗೆ ಕೆರೆಯೇ ದಾರಿ. ಅವರ ಸುರಂಗವನ್ನು ನಾವು ತರಲಾರೆವು, ಬಟ್ಟಲನ್ನು ತರಬಹುದು.

ಬಂದ ಮೇಲೆ ಎಂಟನೇ ತರಗತಿಯ ಮಕ್ಕಳಿಂದ ತೆಂಗಿನ ಚಿಪ್ಪಿನಲ್ಲಿ ಬಟ್ಟಲು ಮಾಡಿಸಿದೆ. ಚಿಪ್ಪನ್ನು ನಯವಾಗಿ ಉಜ್ಜಿ, ಕಣ್ಣುಗಳನ್ನು ಮೇಣದಿಂದ ಮುಚ್ಚಿ, ತಳದಲ್ಲಿ ಸಣ್ಣ ತೂತು. ಮನೆಯಲ್ಲಿ ನೀವೂ ಮಾಡಿ ನೋಡಬಹುದು. ತಂದೆತಾಯಿ ಜೊತೆಗಿದ್ದರೆ ತೂತು ಕೊರೆಯುವುದು ಸುಲಭ. ಗಡಿಯಾರ ನೋಡಿಕೊಂಡು ತೂತನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಾ ಸರಿಯಾಗಿ ಆರು ನಿಮಿಷಕ್ಕೆ ಮುಳುಗುವಂತೆ ಮಾಡಿದೆವು. ಆಮೇಲೆ ಮಕ್ಕಳನ್ನು ಶಾಲೆಯ ಸೋರುವ ನಲ್ಲಿಯ ಮುಂದೆ ಕೂರಿಸಿದೆ. ಬಟ್ಟಲು ಎರಡು ಸಲ ಮುಳುಗುವಷ್ಟರಲ್ಲಿ ಒಂದು ಲೀಟರ್ ಪಾತ್ರೆ ತುಂಬಿತು. ಹನ್ನೆರಡು ನಿಮಿಷಕ್ಕೆ ಒಂದು ಲೀಟರಾದರೆ ಗಂಟೆಗೆ ಐದು, ದಿನಕ್ಕೆ 120 ಲೀಟರ್. ಶಾಲೆಯಲ್ಲಿ 240 ಮಕ್ಕಳು; ತಲೆಗೆ ಅರ್ಧ ಲೀಟರ್ ಕುಡಿಯುವ ನೀರು. ಎರಡು ವರ್ಷದಿಂದ ಆ ನಲ್ಲಿ ಸೋರುತ್ತಿತ್ತು, ನಾವೆಲ್ಲರೂ ನೋಡುತ್ತಲೇ ಇದ್ದೆವು. ಮಕ್ಕಳು ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟರು. ಮಾರನೆಯ ದಿನವೇ ವಾಷರ್ ಬದಲಾಯಿತು.

ಅಣ್ಣನಿಗೆ ಈ ಕಥೆ ಹೇಳಿದೆ. ಅವರು ಈಗ ಉಳಿದ ಜಮೀನಿನಲ್ಲಿ ಮಳೆಯಾಶ್ರಯದ ರಾಗಿ, ಅವರೆ ಬೆಳೆಯುತ್ತಾರೆ. ಚಿಪ್ಪಿನ ಬಟ್ಟಲನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದನ್ನ ಆಗಲೇ ತರಬಾರದಿತ್ತೇನೋ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಬಟ್ಟಲು ಈಗ ನಮ್ಮ ತರಗತಿಯ ಕಿಟಕಿಯ ಮೇಲಿದೆ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಮೊದಲ ಪಾಠ ಅದರಿಂದಲೇ.